ಖಣ ಉಟ್ಟ ಎಂಜಿನ್ನು

ನಾನು ಚಿಕ್ಕವಳಿದ್ದಾಗ ಸುರೇಬಾನದ ಹತ್ತಿರ ಮಲಪ್ರಭೆಯ ದಂಡೆಗೆ ನಮ್ಮ ಹೊಲವಿತ್ತು. ಹೊಳೆಯ ನೀರನ್ನು ಹೊಲಕ್ಕೆ ಎತ್ತಲು ಅಪ್ಪ ಡೀಸೆಲ್ ಎಂಜಿನ್ ತಂದಿದ್ದ. ಅದರ ಸದ್ದು ಕೇಳಬೇಕಿತ್ತು ನೀವು! ಡುಗ್ ಡುಗ್ ಡುಗ್ ಎಂದು ಶುರುವಾಯಿತೆಂದರೆ ಕಾಲಡಿಯ ನೆಲವೇ ನಡುಗುತ್ತಿತ್ತು, ಜಾಲಿ ಗಿಡದ ಗುಬ್ಬಿಗಳೆಲ್ಲ ಪುರ್ರೆಂದು ಹಾರುತ್ತಿದ್ದವು. ಡೀಸೆಲ್ಲಿನ ವಾಸನೆ ನನಗೂ ಅಕ್ಕನಿಗೂ ಅತ್ತರಿನಷ್ಟೇ ಇಷ್ಟ.

ಅದಕ್ಕೆ ಕಿಡಿ ಹಾರಿಸುವ ಪ್ಲಗ್ ಇರಲಿಲ್ಲ. ಮತ್ತೆ ಡೀಸೆಲ್ ಹೊತ್ತಿಕೊಳ್ಳುವುದು ಹೇಗೆ? ಅಪ್ಪ ನಮಗೆ ಸೈಕಲ್ ಪಂಪಿನ ಬುಡ ಮುಟ್ಟಿಸಿ ತಿಳಿಸಿದ್ದ. ಜೋರಾಗಿ ಗಾಳಿ ಹೊಡೆದರೆ ಬುಡ ಬಿಸಿಯಾಗುತ್ತದಲ್ಲ? ಎಂಜಿನ್ನಿನೊಳಗೂ ಪಿಸ್ಟನ್ ಗಾಳಿಯನ್ನು ಒತ್ತಿ ಒತ್ತಿ ಇಷ್ಟೇ ಇಷ್ಟು ಜಾಗಕ್ಕೆ ತುರುಕುತ್ತದೆ. ಗಾಳಿ ಕೆಂಡದ ಹಾಗೆ ಕಾಯುತ್ತದೆ. ಆಗ ಸಣ್ಣ ತೂತಿನಿಂದ ಚಿಮ್ಮಿದ ಡೀಸೆಲ್ ತಾನಾಗಿಯೇ ಭಗ್ಗೆಂದು ಹೊತ್ತಿ ಪಿಸ್ಟನ್ನನ್ನು ಹಿಂದಕ್ಕೆ ದೂಡುತ್ತದೆ. ಅದರಿಂದಲೇ ದೊಡ್ಡ ಗಾಲಿ ತಿರುಗುತ್ತದೆ, ಹೊಳೆಯ ನೀರು ಮೇಲೇರುತ್ತದೆ.

ಆ ವರ್ಷ ಮಹಾನವಮಿಯ ಖಂಡೇ ಪೂಜೆಯಲ್ಲಿ ಕುಡಗೋಲು, ಕುಂಟೆಗಳ ಜೊತೆ ಎಂಜಿನ್ನಿಗೂ ಪೂಜೆಯಾಯಿತು. ಅವ್ವ ಅದನ್ನು ಒರೆಸಿ, ವಿಭೂತಿ ಹಚ್ಚಿ, ಚೆಂಡು ಹೂವಿನ ಮಾಲೆ ಹಾಕಿದಳು. ಹೆಣ್ಣುಮಕ್ಕಳಿಗೆ ಉಡಿ ತುಂಬುವಾಗ ಕೊಡುತ್ತಾರಲ್ಲ, ಅಂಥದೇ ಕುಪ್ಪಸದ ಹೊಸ ಕೆಂಪು ಖಣ ತಂದು ಎಂಜಿನ್ನಿನ ನೆತ್ತಿಯ ಮೇಲಿದ್ದ ಡಬ್ಬಿಗೆ ಸುತ್ತಿ ಬಿಗಿಯಾಗಿ ಗಂಟು ಹಾಕಿದಳು. “ನಾಳಿ ಸಂಜಿಗೆ ಬನ್ನಿ ಮುಡಿಯೂ ತನಕ ಯಾರೂ ಬಿಚ್ಚಬ್ಯಾಡ್ರಿ” ಎಂದು ತಾಕೀತೂ ಮಾಡಿದಳು.

ಪೂಜೆಯ ದಿನ ಎಂಜಿನ್ ಚಾಲೂ ಮಾಡುವಂತಿರಲಿಲ್ಲ. ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಹೊಸದಾಗಿ ನಾಟಿದ ಉಳ್ಳಾಗಡ್ಡಿ ಸಸಿಗಳು ಬಾಡಿ ನೆಲಕ್ಕೆ ಒರಗಿದ್ದವು. ಬಿಸಿಲು ನೆತ್ತಿಗೆ ಬರುವುದರೊಳಗೆ ನೀರು ಕಾಣದಿದ್ದರೆ ಅಷ್ಟೂ ಸಸಿ ಸುಟ್ಟುಹೋಗುತ್ತಿದ್ದವು.

ಅಪ್ಪ ಹ್ಯಾಂಡಲ್ ತಿರುಗಿಸಿದ. ಡುಗ್... ಡುಗ್... ಎಂಜಿನ್ ಕೆಮ್ಮಿತು. ಕಾಡಿಗೆಯಂಥ ಹೊಗೆ ಭುಸ್ಸೆಂದು ಎದ್ದು ನಮ್ಮ ಹಬ್ಬದ ಲಂಗದ ಮೇಲೆ ಮಸಿ ಉದುರಿತು. ಆಮೇಲೆ ಸದ್ದು ಸೊರಗಿ ನಿಂತೇ ಹೋಯಿತು. ಮತ್ತೆ ತಿರುಗಿಸಿದ, ಮತ್ತೆ ಅದೇ ಕರಿ ಹೊಗೆ. “ಡೀಸೆಲ್‌ನ್ಯಾಗ ಕಸ ಸೇರೇತಿ” ಎಂದು ಪೈಪು ಬಿಚ್ಚಿ ತೊಳೆದ. ಊಹೂಂ! ಅಪ್ಪನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು, ಬಿಸಿಲು ಏರುತ್ತಲೇ ಇತ್ತು. ನನಗಂತೂ ಅಳುವೇ ಬಂತು.

ಅಕ್ಕ ಮಾತ್ರ ಹೊಗೆಯನ್ನೇ ನೋಡುತ್ತ ನಿಂತಿದ್ದಳು. ಮನೆಯಲ್ಲಿ ಒಲೆ ಊದುವ ಕೆಲಸ ಅವಳದು. “ಅಪ್ಪಾ, ಒಲಿಗೆ ಗಾಳಿ ಆಡಲಿಲ್ಲಂದ್ರ ಹಿಂಗ ಹೊಗಿ ಬರತೈತಿ. ಇದಕ್ಕೂ ಗಾಳಿ ಸಿಗವಲ್ದೇನು?” ಎಂದಳು.

ಅಪ್ಪನ ಕೈ ಅಲ್ಲೇ ನಿಂತಿತು. ಎಂಜಿನ್ ಗಾಳಿ ಎಳೆದುಕೊಳ್ಳುವುದು ನೆತ್ತಿಯ ಆ ಡಬ್ಬಿಯಿಂದಲೇ! ಖಣ ಅದರ ಬಾಯಿ ಮುಚ್ಚಿಬಿಟ್ಟಿತ್ತು. ಗಾಳಿ ಸಾಲದೆ ಡೀಸೆಲ್ ಅರೆಬರೆ ಉರಿದು ಮಸಿಯಾಗಿ ಹೊರಬರುತ್ತಿತ್ತು. ಕಾರಣವೇನೋ ಸಿಕ್ಕಿತು, ಆದರೆ ಆ ಗಂಟಿಗೆ ಕೈ ಹಾಕಲು ಅಪ್ಪನಿಗೆ ಧೈರ್ಯವಿಲ್ಲ. ಅವ್ವನ ಮಾತು ಮೀರುವವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ಓಡಿದೆ ನೋಡಿ ನಾನು, ಕಲ್ಲು ಮುಳ್ಳು ನೋಡದೆ ಮನೆಯವರೆಗೆ! ಅವ್ವ ಕಣಕದ ಹಿಟ್ಟು ಮೆತ್ತಿದ ಕೈಯಲ್ಲೇ ನನ್ನ ಹಿಂದೆ ಬಂದಳು.

ಡಬ್ಬಿ ನೋಡಿದವಳೇ ನಕ್ಕುಬಿಟ್ಟಳು. “ಅಯ್ಯ ನನ್ನವ್ವ, ನಿನ್ನ ಮೂಗಿಗೇ ಕಟ್ಟೇನಲ್ಲ!” ಎಂದು ಎಂಜಿನ್ನಿಗೆ ಹೇಳುತ್ತ ತಾನೇ ಗಂಟು ಬಿಚ್ಚಿ, ಖಣ ಮಡಚಿ ಕಣ್ಣಿಗೊತ್ತಿಕೊಂಡಳು. ಅಪ್ಪನ ಕಡೆ ತಿರುಗಿ, “ನೀವೂ ಛಲೋ ಅದೀರಿ, ಇಷ್ಟು ಕೇಳಾಕ ಕೂಸಿನ್ನ ಓಡಿಸೀರಿ” ಎಂದಳು.

ಅಪ್ಪ ಹ್ಯಾಂಡಲ್ ಹಿಡಿದ. ಡುಗ್ ಡುಗ್ ಡುಗ್! ಹೊಗೆ ಮೊದಲು ಕಪ್ಪಗೆ ಬಂತು, ಆಮೇಲೆ ಬೂದಿ ಬಣ್ಣಕ್ಕೆ ತಿರುಗಿ, ಕಂಡೂ ಕಾಣದಷ್ಟು ತೆಳುವಾಯಿತು. ಪೈಪಿನ ಬಾಯಿಂದ ನೀರು ದಬದಬ ಸುರಿಯಿತು. ನಾನೂ ಅಕ್ಕನೂ ಕೇಕೆ ಹಾಕುತ್ತ ನೀರಿನ ಜೊತೆಗೇ ಓಡಿದೆವು. ಉಳ್ಳಾಗಡ್ಡಿ ಸಸಿಗಳ ಕೊನೆಯ ಮಡಿಗೆ ನೀರು ಮುಟ್ಟಿದ ಮೇಲೆ ಅಪ್ಪ ಮಣ್ಣಿನಲ್ಲೇ ಕುಳಿತು ಉಸ್ಸೆಂದ. ಅಷ್ಟು ಖುಷಿ ನಾನು ಮತ್ತೆಂದೂ ಪಟ್ಟಿಲ್ಲ.

ಮೊನ್ನೆ ಮೊಮ್ಮಗಳ ಜೊತೆ ರಾಮದುರ್ಗದಲ್ಲಿ ಹೊಸ ಬಸ್ಸಿನ ಹಿಂದೆ ನಿಂತಿದ್ದೆ. ಎಂಜಿನ್ ಚಾಲೂ ಇತ್ತು, ಹೊಗೆಯೇ ಕಾಣಲಿಲ್ಲ! ಅವಳಿಗೆ ಸಾಲೆಯಲ್ಲಿ ಹೇಳಿಕೊಟ್ಟಿದ್ದಾರೆ. ಹೊಗೆಯ ಕೊಳವೆಯೊಳಗೆ ಜೇನುಹುಟ್ಟಿನಂಥ ಜರಡಿಯಿದ್ದು, ಮಸಿಯನ್ನು ಹಿಡಿದು ಅಲ್ಲೇ ಸುಡುತ್ತದಂತೆ. ಯೂರಿಯಾ ಬೆರೆಸಿದ ನೀರಿಗೆ ಬೇರೆಯೇ ಟಾಕಿ. ಅದು ಬಿಸಿ ಹೊಗೆಯೊಳಗೆ ಚಿಮ್ಮಿ, ಕಣ್ಣಿಗೆ ಕಾಣದ ವಿಷದ ಅನಿಲವನ್ನು ನಿರುಪದ್ರವಿ ಸಾರಜನಕ ಮತ್ತು ನೀರಾವಿಯಾಗಿ ಮಾಡುತ್ತದಂತೆ. ಹೊಲಕ್ಕೆ ಹಾಕುವ ಯೂರಿಯಾ ಬಸ್ಸಿಗೂ ಬೇಕೆ ಎಂದು ನಾನು ಬೆರಗಾದೆ.

“ನಿಮ್ಮ ಎಂಜಿನ್ನಿಗೆ ಇದೆಲ್ಲಾ ಇತ್ತೇನ ಆಯಿ?” ಎಂದು ಕೇಳಿದಳು.

“ಎಲ್ಲೀದ ತಂಗಿ! ಹೊಗಿ ಕಾಣಲಿಲ್ಲಂದ್ರ ನಮಗ ಅದಽ ಚೊಕ್ಕ ಗಾಳಿ.”

“ಹಂಗಾರ ಆ ಮಸಿ ಎಲ್ಲಾ ಎಲ್ಲಿ ಹೋಗತಿತ್ತು?”

ನಾನು ಅವಳ ಕೈಯನ್ನು ನನ್ನ ಎದೆಯ ಮೇಲೆ ಇಟ್ಟುಕೊಂಡೆ. “ಅರ್ಧಾ ಹೊಲಕ್ಕ, ಅರ್ಧಾ ಇಲ್ಲಿ.”

ಬಸ್ಸು ಹತ್ತಿದ ಮೇಲೆ, ಎಂದೂ ಕಿಟಕಿ ಬಿಟ್ಟುಕೊಡದ ಹುಡುಗಿ ನನ್ನನ್ನು ಕಿಟಕಿಯ ಪಕ್ಕ ಕೂರಿಸಿ, ಗಾಜನ್ನು ಕೊನೆಯವರೆಗೂ ಸರಿಸಿದಳು.