ನಿಂತಂತೆ ಹರಿಯುವ ನೀರಿಗೆ ಪ್ರಯಾಣ

ರವಿವಾರ, 9 ಡಿಸೆಂಬರ್ 1956, ಮುಂಜಾನೆ ಏಳು ಗಂಟೆ ಹತ್ತು ನಿಮಿಷ. ಗಜೇಂದ್ರಗಡದ ನಮ್ಮ ಹಿತ್ತಲಲ್ಲಿ ಬಚ್ಚಲ ನೀರು ಗರಿಕೆಯ ನಡುವೆ ನಿಂತಿದೆ. ‘ನಿಂತಿದೆ’ ಎಂದು ಬರೆದು ತಲೆಯೆತ್ತುವಷ್ಟರಲ್ಲಿ, ಅದರ ಮೇಲಿನ ಬೇವಿನೆಲೆ ಗೇಣುದ್ದ ಸರಿದಿತ್ತು.

ನಗಬೇಡಿ, ಓದುಗರೇ, ನಾನು ನೋಡಹೊರಟಿರುವುದೂ ಇಂಥದೇ ನೀರನ್ನು. ಅಮೆರಿಕದ ದಕ್ಷಿಣ ತುದಿಯ ಫ್ಲಾರಿಡಾದಲ್ಲಿ ಜೌಗುನೆಲವೊಂದನ್ನು ರಾಷ್ಟ್ರೀಯ ಉದ್ಯಾನವೆಂದು ಕಾದಿರಿಸಿದ್ದಾರೆ. ಅಲ್ಲಿ ದಿಗಂತದವರೆಗೆ ಹುಲ್ಲು. ಹುಲ್ಲಿನ ಬುಡದಲ್ಲಿ ಹರಿಯುವುದನ್ನೇ ಮರೆತಂತೆ ಹರಿಯುವ ನೀರು. ರೋಣದ ವಾಚನಾಲಯದ ಹಳೆಯ ಮಾಸಿಕವೊಂದರಲ್ಲಿ ಆ ಚಿತ್ರ ಕಂಡಂದಿನಿಂದ ನಲವತ್ತೊಂದು ಪುಟ ಯೋಜನೆ ಬರೆದಿದ್ದೇನೆ. ಮಳೆಗಾಲದಲ್ಲಿ ಹೋದರೆ ಸೊಳ್ಳೆ. ಚಳಿಗಾಲದಲ್ಲಿ ನೀರು ಇಂಗಿ, ಕೊಕ್ಕರೆಗಳೆಲ್ಲ ಉಳಿದ ಮಡುಗಳಿಗೆ ನೆರೆಯುತ್ತವೆ. ಈ ಯೋಜನೆಯಲ್ಲಿ ಮೊದಲು ಹತ್ತಬೇಕಾದ ಗದುಗಿನ ಬಸ್ಸನ್ನು ಮಾತ್ರ ನಾನು ಕಣ್ಣಾರೆ ಕಂಡಿದ್ದೇನೆ. ಉಳಿದದ್ದು ಭೂಪಟದ ಮೇಲೆ ಬೆರಳು ಮಾಡಿದ ಪ್ರವಾಸ. ದುಡ್ಡಿನ ಪುಟವನ್ನು ಇನ್ನೂ ತೆರೆದಿಲ್ಲ.

ನಾವು ಸೀರೆ ನೇಯುವವರು. ಹೋಗಲೇ ಎಂದು ಹೋದ ತಿಂಗಳು ಕೇಳಿದಾಗ ಅವ್ವ ಮನೆಯ ಹಳೆಯ ಕಟ್ಟಳೆ ನೆನಪಿಸಿದಳು: “ಮಗ್ಗದ ಮ್ಯಾಲ ಹಾಸು ಇದ್ದಾಗ ದೂರದ ದಾರಿ ಹಿಡೀಬಾರದು. ಮಗ್ಗ ಖಾಲಿ ಆಗಲಿ, ಹೋಗು.” ಹಾಸೆಂದರೆ ಮಗ್ಗದುದ್ದಕ್ಕೂ ಬಿಗಿದ ನೂಲು. ಅದರಲ್ಲಿ ಉಳಿದದ್ದು ನಾಲ್ಕೇ ಸೀರೆ. ನಾನು ಹಿಗ್ಗಿ, ದಿನಕ್ಕೊಂದು ಗೆರೆ ಎಳೆಯತೊಡಗಿದೆ.

ನಿನ್ನೆ ಮಧ್ಯಾಹ್ನ ನಾಲ್ಕನೆಯ ಸೀರೆ ಇಳಿಯಿತು. ಅಪ್ಪ ಎಂದಿನಂತೆ ಹಳೆಯ ಹಾಸಿನ ತುದಿಗಳನ್ನು ಮಗ್ಗದಲ್ಲೇ ಬಿಟ್ಟು, ಹೊಸ ಹಾಸನ್ನು ಅವಕ್ಕೆ ಎಳೆಗೆ ಎಳೆ ಕೂಡಿಸಿ ಕೆಚ್ಚಲು ಕೂತ. ಎಳೆ ಬಿಡಿಸಿ ಕೊಡುವುದು, ಎಣಿಸುವುದು ನನ್ನ ಕೆಲಸ. ನಾನೂರ ಹನ್ನೆರಡನೆಯ ಎಳೆಗೆ ನನ್ನ ಕೈ ನಿಂತಿತು.

“ಅಪ್ಪಾ, ಹಿಂಗ ಕೆಚ್ಚಿಕೋತ ಹೋದ್ರ ಮಗ್ಗ ಖಾಲಿ ಆಗೂದು ಯಾವಾಗ?”

ರಾಟಿಯ ಮುಂದಿದ್ದ ಅವ್ವ ನಕ್ಕಳು. “ನಾ ಈ ಮನಿಗೆ ಬಂದಾಗಿಂದ ಖಾಲಿ ಆಗಿದ್ದು ಕಂಡಿಲ್ಲಪಾ. ಎಲ್ಲಾ ಬರಕೊಳ್ಳಾಂವ, ಇದನ್ನ ಬರಕೊಂಡಿಲ್ಲೇನು?”

ಹತ್ತು ವರ್ಷ ಎಳೆ ಎಣಿಸಿದವನಿಗೆ ಇಷ್ಟು ಹೊಳೆದಿರಲಿಲ್ಲ! ನನ್ನ ಮುಖ ನೋಡಿ ಅಪ್ಪನೆಂದ: “ಆ ಮಾತು ನೇಯಾಂವಗ. ನೀ ಯಾವಾಗ ಮಗ್ಗದ ಕುಣ್ಯಾಗ ಕಾಲಿಳಿಸಿ ನೇಯಾಕ ಕುಂತಿ? ಎಣಸಾಂವಗ ಯಾವ ಹಾಸಿನ ಹಂಗೂ ಇಲ್ಲ. ಹೋಗಿ ಬಾ.”

ಕೇಳಿದ ಅಪ್ಪಣೆ ಸಿಕ್ಕಿತ್ತು. ಆದರೆ ಮನೆಗೆ ಬಂದ ನೆಂಟನಿಗೆ ಸಿಗುವಷ್ಟು ಸಲೀಸಾಗಿ ಸಿಕ್ಕಿತ್ತು. ಯಾರೂ ಹಿಡಿದಿರದ ಕೈಯನ್ನು ಬಿಡಿಸಿಕೊಳ್ಳಲು ನಲವತ್ತೊಂದು ಪುಟ ಬರೆದೆನಲ್ಲ ಎಂದು ಮನಸ್ಸು ಮುದುಡಿತು. ನನ್ನ ಪುಟಗಳ ಕೊಕ್ಕರೆಗಳು ದೂರದ ಹುಲ್ಲಿನಲ್ಲಿ ಸುಮ್ಮನೆ ನಿಂತಿದ್ದವು.

“ಎಳಿ ಕೊಡೋ,” ಎಂದು ಅಪ್ಪ ಕೈಚಾಚಿದ. ನಾಲ್ಕೆಂಟು ಎಳೆ ಕೆಚ್ಚಿ, ಗಂಟಿನಿಂದ ಕಣ್ಣೆತ್ತದೆ ಕೇಳಿದ: “ಹೋದಾಂವ ಯಾವಾಗ ಬರ್ತಿ? ಯುಗಾದಿ ಹೊತ್ತಿಗೆ ಮತ್ತ ಕೆಚ್ಚಬೇಕು. ಇವಳ ಕಣ್ಣಿಗೆ ಎಳಿ ಕಾಣೂದಿಲ್ಲ. ನಿನ್ನಂಗ ಬಿಡಿಸಿ ಕೊಡಾವ್ರು ಯಾರದಾರ?”

ನಲವತ್ತೊಂದು ಪುಟಗಳಲ್ಲಿ ಮರಳುವ ದಾರಿಗೆ ಒಂದು ಸಾಲೂ ಇರಲಿಲ್ಲ. ನಲವತ್ತೆರಡನೆಯದನ್ನು ಈಗ ಆರಂಭಿಸಿದ್ದೇನೆ. ಕೊಕ್ಕರೆಗಳು ಯುಗಾದಿಯಾಚೆಗೂ ಅಲ್ಲಿರುತ್ತವಂತೆ, ನಾನು ಇರುವಂತಿಲ್ಲ. ಅತ್ತಣಿಂದ ಮುಂಬಯಿಗೆ ಹಡಗು ಯಾವಾಗ ಹೊರಡುತ್ತದೆ, ಎಷ್ಟು ದಿನ ಹಿಡಿಯುತ್ತದೆ ಎಂಬುದನ್ನು ಬಲ್ಲವರಿದ್ದರೆ ದಯಮಾಡಿ ಒಂದು ಕಾರ್ಡು ಬರೆಯಿರಿ.