ರಸ್ತೆಯಾಚೆಯ ಸೊಪ್ಪು

ನಮ್ಮ ಭಾವ ರಸ್ತೆ ದಾಟುವುದನ್ನು ನೋಡಿದರೆ ನನಗೆ ಮೊದಲಿನಿಂದಲೂ ನಗು. ಎಡಕ್ಕೂ ನೋಡುತ್ತಿರಲಿಲ್ಲ, ಬಲಕ್ಕೂ ನೋಡುತ್ತಿರಲಿಲ್ಲ. ಒಂದು ಕೈ ಮೇಲೆತ್ತಿ, ತೋಟದ ಬದುವಿನ ಮೇಲೆ ನಡೆದಂತೆ ನಡೆದುಬಿಡುತ್ತಿದ್ದರು. ರಾಮನಗರದ ಹಳೇ ರಸ್ತೆಯಲ್ಲಿ ಅದು ನಡೆಯುತ್ತಿತ್ತು. ಬಸ್ಸು ನಿಧಾನವಾಗುತ್ತಿತ್ತು, ಲಾರಿಯವನು ಬೈದುಕೊಂಡೇ ಬ್ರೇಕ್ ಒತ್ತುತ್ತಿದ್ದ. ಅವರೊಬ್ಬರೇ ಅಲ್ಲ, ನಮ್ಮ ಕಡೆಯವರೆಲ್ಲ ಹಾಗೇ. ಹಸು ಹೊಡೆದುಕೊಂಡು ಹೋಗುವ ಮುದುಕಿ ಕೂಡ ಕೈ ಎತ್ತಿದ ಮೇಲೆ ರಸ್ತೆ ತನ್ನದೇ ಅಂದುಕೊಳ್ಳುತ್ತಾಳೆ. ಅದು ‘ಒಸಿ ತಡಿಯಪ್ಪ’ ಅನ್ನುವ ಮಾತು, ಅಷ್ಟೇ. ಗಾಡಿಯೊಳಗೆ ಕೂತವನಿಗೂ ಅದು ಅರ್ಥವಾಗುತ್ತಿತ್ತು.

ಆಮೇಲೆ ಬೈಪಾಸ್ ಬಂತು. ರಾಮನಗರವನ್ನು ಬಳಸಿಕೊಂಡು ಹೋಗಲಿ ಎಂದು ಮಾಡಿದ ರಸ್ತೆ ಅಕ್ಕನ ಊರಿನ ಮಧ್ಯೆ ಬೈತಲೆ ತೆಗೆದ ಹಾಗೆ ಹೋಯಿತು. ಮನೆಗಳು ಈಚೆಗೆ ಉಳಿದವು, ಅಕ್ಕ ಭಾವ ರೇಷ್ಮೆ ಹುಳಕ್ಕೆ ಸೊಪ್ಪು ಬೆಳೆಯುವ ಹಿಪ್ಪುನೇರಳೆ ತೋಟ ಆಚೆಗೆ. ನಡುವೆ ತಂತಿ ಬೇಲಿ, ಕಬ್ಬಿಣದ ಪಟ್ಟಿ, ಹೋಗುವ ಸಾಲು, ಬರುವ ಸಾಲು. ಮೈಸೂರಿಗೆ ಒಂದಿಷ್ಟು ಬೇಗ ತಲುಪಿ ಅವರೆಲ್ಲ ಅಲ್ಲಿ ಏನು ಕಡಿದು ಕಟ್ಟೆ ಹಾಕುತ್ತಾರೋ ನನಗಂತೂ ಗೊತ್ತಿಲ್ಲ.

ದಾಟುವುದಕ್ಕೆ ಅಂಡರ್‌ಪಾಸ್ ಕೊಟ್ಟಿದ್ದರು. ಅದು ಊರಿಂದ ದೂರ. ಸಾಲದ್ದಕ್ಕೆ ಒಂದು ಮಳೆ ಬಿದ್ದರೆ ದಿನಗಟ್ಟಲೆ ಅಲ್ಲಿ ಮೊಣಕಾಲುದ್ದ ನೀರು. ಗಾಡಿ ಒಳಗೆ ಇಳಿಸಿದರೆ ಅಲ್ಲೇ ನಿಂತುಬಿಡುತ್ತಿತ್ತು. ಹೊಲ ಆಚೆಗಿದ್ದವರೆಲ್ಲ ಸೇರಿ ತಂತಿ ಬೇಲಿಯಲ್ಲಿ ಒಬ್ಬರು ನುಸುಳುವಷ್ಟು ಸಂದು ಮಾಡಿಕೊಂಡರು. ರಸ್ತೆಯವರು ಬಂದು ಮುಚ್ಚಿ ಹೋದರೆ ಮತ್ತೆ ಬಿಚ್ಚುತ್ತಿದ್ದರು.

ನಾನು ಮಾಗಡಿ ಕಡೆ ಕಲ್ಯಕ್ಕೆ ಮದುವೆಯಾದವಳು. ಅಕ್ಕನ ಮನೆಗೆ ಬಂದಾಗಲೆಲ್ಲ ಈ ಸಂದಿನ ವಿಷಯಕ್ಕೆ ಜಗಳ ತೆಗೆಯುತ್ತಿದ್ದೆ. ನನ್ನ ಬಾಯಿ ಜೋರು ಅಂತ ಎರಡೂ ಊರಿನಲ್ಲಿ ಹೆಸರಿದೆ.

“ಭಾವ, ಅಲ್ಲಿ ಬರೋದು ನಿಮ್ಮ ಹಳೇ ಬಸ್ಸಲ್ಲ. ಕೈ ಎತ್ತಿದ್ರೆ ಯಾರೂ ನಿಲ್ಸಲ್ಲ. ಸುತ್ತಾಕಂಡು ಬನ್ನಿ.”

“ಸುತ್ತಾಕಂಡ್ ಬರೋ ಒತ್ತಿಗೆ ಸೊಪ್ಪು ಬಾಡೋಯ್ತದೆ ಕಣವ್ವ. ಬಾಡಿದ್ದ ನೀನ್ ತಿಂತೀಯಾ?”

“ನಾನ್ಯಾಕೆ ತಿನ್ಲಿ? ನಿಮ್ಮ ಹೆಂಡ್ತೀಗ್ ಹಾಕಿ,” ಅನ್ನುತ್ತಿದ್ದೆ. ಅಕ್ಕ ಹುಳದ ಮನೆಯೊಳಗಿಂದಲೇ ನಗುತ್ತಿದ್ದಳು.

ಹುಳ ಸಾಕಿದವರಿಗೆ ಗೊತ್ತು. ಕೊನೆಯ ಜ್ವರ ಎದ್ದ ಮೇಲೆ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು ತಲೆ ಎತ್ತಿದ ಮೇಲೆ, ಹುಳಕ್ಕೆ ಬಕಾಸುರನ ಹೊಟ್ಟೆ. ಹೊರೆಗಟ್ಟಲೆ ಸೊಪ್ಪು ಹಾಕಿದರೂ ಬರೀ ಕಡ್ಡಿ ಉಳಿಯುತ್ತದೆ. ಹುಳದ ಮನೆಯ ಹೊರಗೆ ನಿಂತರೆ ಒಳಗೆ ಸೋನೆಮಳೆ ಹಿಡಿದಂಥ ಸದ್ದು. ಈ ಹೊತ್ತಿನಲ್ಲಿ ಬಾಡಿದ ಸೊಪ್ಪು ಹಾಕಿದರೆ, ಹಸಿವಿಗೆ ಬಿಟ್ಟರೆ, ಗೂಡು ಕಟ್ಟುವ ಮೊದಲೇ ಕರ್ರಗಾಗಿ ಸಾಯುತ್ತವೆ. ಅಕ್ಕನಿಗೆ ಮಕ್ಕಳಿಲ್ಲ. ಊರಿನ ಹೆಂಗಸರು ಅದನ್ನು ಎತ್ತಿ ಆಡುವಾಗ ಅವಳು ಹುಳದ ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅವಳ ಹುಳ ಕೆಟ್ಟಿತು ಎಂದು ಯಾರೂ ಹೇಳಿದ್ದಿಲ್ಲ.

ಅವತ್ತು ಹುಳ ಕೊನೆಯ ಜ್ವರ ಎದ್ದಿದ್ದವು. ಯಾವಾಗಲೂ ಇಬ್ಬರೂ ಹೋಗುತ್ತಿದ್ದರು. ಒಬ್ಬರು ಹೊರೆ ಹೊತ್ತು ನಿಂತರೆ ಇನ್ನೊಬ್ಬರು ಗಾಡಿ ನೋಡಿ ‘ಬಾ’ ಅನ್ನಬೇಕು. ಅಕ್ಕನಿಗೆ ಹುಳದ ಹಾಸಿಗೆಯ ಹಳೇ ಕಡ್ಡಿ ಕಸ ತೆಗೆದು ಸುಣ್ಣದ ಪುಡಿ ಹೊಡೆಯುವ ಕೆಲಸ ಉಳಿದಿತ್ತು ಅಂತ ಭಾವ ಒಬ್ಬರೇ ಹೋದರು. ಬೇಲಿ ಈಚೆ ಹಸು ಮೇಯಿಸುತ್ತಿದ್ದ ಪಕ್ಕದ ಮನೆಯವನು ನೋಡಿದ್ದಾನೆ. ತಲೆ ಮೇಲೆ ಹೊರೆ, ಸೊಪ್ಪು ಕಿವಿಯ ತನಕ ಇಳಿಬಿದ್ದಿತ್ತಂತೆ. ಒಂದು ಸಾಲು ದಾಟಿಯಾಗಿತ್ತು.

“ಕೈ ಎತ್ಕಂಡೇ ಇದ್ದ ಕಣವ್ವ,” ಎಂದು ಅವನು ನನ್ನ ಮುಂದೆ ತನ್ನ ಕೈ ಎತ್ತಿ ತೋರಿಸಿದ. “ಕಾರ್ ನೋಡ್ದೆ ಇರ್ಲಿಲ್ಲ, ನೋಡ್ದ. ನಿಲ್ತದೆ ಅಂದ್ಕಂಡ.”

ಮಾರನೆಯ ದಿನ ಆಸ್ಪತ್ರೆಯಿಂದ ಹೆಣ ತಂದು ಮಣ್ಣು ಮಾಡಿದರು. ಆ ಎರಡು ದಿನ ಪಕ್ಕದವರು ತಮ್ಮ ಹುಳದ ಬಾಯಿಂದ ತಪ್ಪಿಸಿ ಒಂದೊಂದು ಹೊರೆ ಸೊಪ್ಪು ತಂದು ತಾವೇ ಹಾಕಿ ಹೋದರು. ಅವರ ಹುಳವೂ ಅದೇ ಹಂತದಲ್ಲಿದ್ದವು. ಮೂರನೆಯ ಬೆಳಿಗ್ಗೆ ಅವರ ಹತ್ತಿರವೂ ಮಿಗಲಿಲ್ಲ. ಸೂತಕದವರು ಹುಳದ ಮನೆಗೆ ಕಾಲಿಡಬಾರದು ಎನ್ನುವುದು ನಮ್ಮಲ್ಲಿ ಕಟ್ಟುನಿಟ್ಟು. ಭಾವನ ದಾಯಾದಿಗಳಿಗೆಲ್ಲ ಸೂತಕ. ಭಾವನ ದೊಡ್ಡವ್ವ ಜಗಲಿ ಮೇಲೆ ಕೂತು, “ತಿಪ್ಪೆಗ್ ಸುರೀರಿ ಅತ್ಲಾಗೆ. ಯಜಮಾನ್ನೇ ತಿಂದ ಹುಳ,” ಎಂದಳು. ನನಗೆ ಮೈಯೆಲ್ಲ ಉರಿಯಿತು. ತಿಂದಿದ್ದು ಯಾವುದು ಎಂದು ಅವಳಿಗೂ ಗೊತ್ತಿತ್ತು. ರಸ್ತೆಯನ್ನು ಬೈದು ಏನು ಬರುತ್ತದೆ, ಹುಳವಾದರೆ ಕೈಗೆ ಸಿಗುತ್ತದೆ.

ಅಕ್ಕ ಮೂಲೆಯಲ್ಲಿ ಕೂತಿದ್ದಳು. ನನ್ನ ಸೆರಗು ಹಿಡಿದು ಎಳೆದಳು.

“ನಿಂಗೆ ಸೂತ್ಕ ಇಲ್ಲ. ಸೊಪ್ ತತ್ತೀಯಾ?”

ನಾನು ಬೇರೆ ಮನೆಗೆ ಹೋದವಳು, ನನಗೆ ಸೂತಕವಿಲ್ಲ. ಕುಡುಗೋಲು ತೆಗೆದುಕೊಂಡು ಹೊರಟೆ. ಹೋಗುವಾಗ ಪಕ್ಕದ ಮನೆಯವನು ಜೊತೆಗೆ ಬಂದು ದಾಟಿಸಿ ಕೊಟ್ಟ. ಅವನ ಹಸು ಬಿಚ್ಚಿಕೊಂಡಿತು ಅಂತ ಯಾರೋ ಕೂಗಿದ್ದಕ್ಕೆ ವಾಪಸ್ ಓಡಿದ. ಸೊಪ್ಪಿನ ಕಡ್ಡಿ ಕೊಯ್ದು ಹೊರೆ ಕಟ್ಟಿ ತಲೆಗೇರಿಸಿಕೊಂಡು ಒಬ್ಬಳೇ ಸಂದಿನ ಹತ್ತಿರ ಬಂದು ನಿಂತೆ.

ದಾಟಲು ಆಗಲಿಲ್ಲ. ರಸ್ತೆ ಖಾಲಿ ಅನ್ನಿಸುತ್ತಿತ್ತು, ಕಾಲು ಎತ್ತುವಷ್ಟರಲ್ಲಿ ಕಾರೊಂದು ಎದುರಿಗೇ ಹಾದುಹೋಗುತ್ತಿತ್ತು. ಹಳೇ ಲಾರಿಗಳು ದೂರದಿಂದಲೇ ಕೂಗಿಕೊಂಡು ಬರುತ್ತಿದ್ದವು. ಇವು ಬಂದದ್ದೇ ತಿಳಿಯುವುದಿಲ್ಲ. ಮುಂದಿಟ್ಟ ಕಾಲನ್ನು ಮತ್ತೆ ಮತ್ತೆ ಹಿಂದಕ್ಕೆ ಎಳೆದುಕೊಂಡೆ. ಹೆದರಿಕೆ ಅಂದರೆ ಏನು ಎಂದು ನನಗೆ ಅವತ್ತು ಗೊತ್ತಾಯಿತು. ಬಿಸಿಲು ಏರಿತು. ಕೊನೆಗೆ ಬೇಲಿ ಪಕ್ಕದಲ್ಲೇ ನಡೆದು, ಅಂಡರ್‌ಪಾಸಿನ ನೀರಿನಲ್ಲಿ ಸೀರೆ ಎತ್ತಿಕೊಂಡು ಇಳಿದು, ಸುತ್ತಿ ಬಂದೆ.

ಹೊರೆ ಇಳಿಸುವ ಹೊತ್ತಿಗೆ ಅಕ್ಕ ಅಂಗಳಕ್ಕೆ ಬಂದಿದ್ದಳು. ಒಂದು ಎಲೆ ಕಿತ್ತು ಬೆರಳಲ್ಲಿ ತಿರುಗಿಸಿದಳು. ಎಲೆ ಬಟ್ಟೆಯ ಹಾಗೆ ಮಡಿಚಿಕೊಂಡಿತು.

“ಇದ ಹಾಕ್ಬ್ಯಾಡ,” ಅಂದಳು. ನನ್ನ ಕೈಯಿಂದ ಕುಡುಗೋಲು ತೆಗೆದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟೇಬಿಟ್ಟಳು. ದೊಡ್ಡವ್ವ, “ಏ ಇವಳೇ, ಸೂತ್ಕದಾಗೆ...” ಎಂದು ಎದ್ದು ನಿಂತಳು. ಅಂಗಳದ ತುಂಬ ಜನ ಇದ್ದೆವು. ಯಾರೂ ತಡೆಯಲಿಲ್ಲ. ನಾನು ಬೇಲಿಯವರೆಗೆ ಓಡಿದೆ. ಅಕ್ಕ ಆಗಲೇ ಸಂದು ನುಸುಳಿ ರಸ್ತೆಗೆ ಇಳಿದಿದ್ದಳು. ಟಾರಿನ ಮೇಲೆ ಅವತ್ತಿನ ಹೊರೆಯ ಸೊಪ್ಪು ಒಣಗಿ ಇನ್ನೂ ಅಂಟಿಕೊಂಡಿತ್ತು. ಅವಳು ಅದನ್ನು ತುಳಿಯದೆ ಬಳಸಿ, ನಡುವಿನ ಕಬ್ಬಿಣದ ಪಟ್ಟಿ ಹಿಡಿದು ನಿಂತು, ಆಚೆ ಹೋದಳು.

ಹೊರೆ ಹೊತ್ತು ಹಾಗೆಯೇ ತಿರುಗಿ ಬಂದಳು. ‘ಬಾ’ ಎನ್ನುವುದಕ್ಕೂ ನನಗೆ ಧೈರ್ಯ ಬರಲಿಲ್ಲ, ಕಣ್ಣು ಮುಚ್ಚಿಕೊಂಡಿದ್ದೆ. ಯಾರನ್ನೂ ಕೇಳದೆ ಹುಳದ ಮನೆಗೆ ನುಗ್ಗಿ ಸೊಪ್ಪು ಹರಡಿದಳು. ಹಸಿದು ತಲೆ ಎತ್ತಿ ತಡಕಾಡುತ್ತಿದ್ದ ಹುಳ ಸೊಪ್ಪಿಗೆ ಹತ್ತಿದವು. ಒಂದಿಷ್ಟು ಹೊತ್ತಿಗೆ ಒಳಗೆ ಆ ಸೋನೆಮಳೆಯ ಸದ್ದು ಶುರುವಾಯಿತು. ಉಳಿದುಕೊಂಡವು ಎಂದು ನನಗೆ ಅಳು ಬಂತು.

ಅಕ್ಕ ಬಾಗಿಲಿಗೆ ಬಂದು ಬೆವರು ಒರೆಸಿಕೊಂಡಳು. ನನ್ನ ಮುಖ ನೋಡಲಿಲ್ಲ.

“ಸಂಜೀಕೂ ಬೇಕು,” ಅಂದಳು.