ಡಿಸೆಂಬರ್ ಎಂಟರ ಪೇಟೆ

ಐರ್ಲೆಂಡಿನ ಗಾಲ್ವೇಗೆ ಬಂದ ಮೊದಲ ವರ್ಷ ನಾನು ಬಾಡಿಗೆಗೆ ಇದ್ದದ್ದು ಎಪ್ಪತ್ತು ದಾಟಿದ ಒಬ್ಬ ಐರಿಶ್ ಅಜ್ಜಿಯ ಮನೆಯಲ್ಲಿ. ನವೆಂಬರ್ ಕೊನೆಗೆ ನಾನು ಬ್ಲ್ಯಾಕ್ ಫ್ರೈಡೇ ಆಫರ್ ಹುಡುಕುತ್ತ ಕೂತಿದ್ದರೆ ಅಜ್ಜಿ ಮೂಗು ಮುರಿದರು.

“ಅದು ಮೊನ್ನೆ ಮೊನ್ನೆ ಅಮೆರಿಕದಿಂದ ಬಂದಿದ್ದು. ನಮ್ಮ ಪೇಟೆ ದಿನ ಡಿಸೆಂಬರ್ ಎಂಟು. ರಜಾ ಹಾಕು, ಡಬ್ಲಿನ್‌ಗೆ ಹೋಗೋಣ.”

ಅಂದು ಮೇರಿ ಮಾತೆಯ ಹಬ್ಬವೆಂದು ರೈಲಿನಲ್ಲಿ ಹೇಳಿದರು. ಅವರ ಬಾಲ್ಯದಲ್ಲಿ ಶಾಲೆಗೆ ರಜೆ. ಚರ್ಚಿಗೆ ಹೋಗಿ ಬಂದವರೇ ಹಳ್ಳಿಯವರೆಲ್ಲ ಕ್ರಿಸ್‌ಮಸ್ ಸಾಮಾನಿಗೆ ಡಬ್ಲಿನ್ ರೈಲು ಹತ್ತುತ್ತಿದ್ದರು. ಅವರಮ್ಮ ಐದು ಮಕ್ಕಳಿಗೂ ಕೋಟು ಕೊಳ್ಳುತ್ತಿದ್ದುದು ಒಂದೇ ಅಂಗಡಿಯಲ್ಲಿ, ಅದೂ ಬೆರಳು ಮುಚ್ಚುವಷ್ಟು ಉದ್ದ ತೋಳಿನದು. ನನಗೆ ನಗು ಬಂತು. ಮೈಸೂರಿನಲ್ಲಿ ಯುಗಾದಿಗೆ ಫ್ರಾಕು ತೆಗೆಯುವಾಗ ನಮ್ಮಮ್ಮ ಅಂಗಡಿಯವನಿಗೆ ಹೇಳುತ್ತಿದ್ದುದೂ ಅದೇ: “ಬೆಳೆಯೋ ಹುಡುಗಿ ಕಣಪ್ಪ, ಸ್ವಲ್ಪ ದೊಡ್ಡದೇ ಕೊಡು.”

ಡಬ್ಲಿನ್‌ನಲ್ಲಿ ಮೊದಲು ಚರ್ಚಿಗೆ ಹೋಗಿ ಮೇಣದಬತ್ತಿ ಹಚ್ಚಿದೆವು. ಆಮೇಲೆ ಕೋಟಿನ ಅಂಗಡಿ ಹುಡುಕಿಕೊಂಡು ಹೋದರೆ ಅಲ್ಲಿ ಮೊಬೈಲ್ ಅಂಗಡಿ ಇತ್ತು. ಅಜ್ಜಿ ಸ್ವಲ್ಪ ಹೊತ್ತು ಫುಟ್‌ಪಾತಿನಲ್ಲೇ ನಿಂತಿದ್ದು, ಆಮೇಲೆ ಬಾಗಿಲು ತಳ್ಳಿ ಒಳಗೆ ಹೋದರು.

“ಬ್ಲ್ಯಾಕ್ ಫ್ರೈಡೇ ಆಫರ್ ಮುಗೀತು,” ಎಂದಳು ಕೌಂಟರಿನ ಹುಡುಗಿ.

“ಪರವಾಗಿಲ್ಲಮ್ಮ. ನೀನು ನಿಂತಿದ್ದೀಯಲ್ಲ, ಅಲ್ಲೇ ಕೋಟಿನ ಗುಂಡಿಗಳ ಪೆಟ್ಟಿಗೆ ಇರ್ತಿತ್ತು. ನಮ್ಮಮ್ಮ ಬೆಲೆ ಕೇಳಿದಾಗೆಲ್ಲ ನಾವು ಅದರೊಳಗೆ ಕೈಯಾಡಿಸ್ತಿದ್ವಿ.”

ಹುಡುಗಿ ತನ್ನ ಕಾಲ ಬಳಿ ನೋಡಿಕೊಂಡಳು. ಅಜ್ಜಿ ಒಂದು ಹಸಿರು ಫೋನ್ ಕವರ್ ಕೊಂಡರು. ಅವರದ್ದು ಹಳೆಯ ಬಟನ್ ಫೋನು.

“ನಿಮಗ್ಯಾಕೆ ಇದು?” ಎಂದೆ.

“ಇವತ್ತು ಈ ಅಂಗಡಿಯಿಂದ ಬರಿಗೈಲಿ ಹೋಗಬಾರ್ದು. ನೀನಿಟ್ಕೋ.”

ಹೊರಗೆ ಬಂದಾಗ ಅವರ ಕಣ್ಣು ಒದ್ದೆಯಾಗಿತ್ತು. ಟೀ ಕುಡಿಯುತ್ತ, ಆ ಐದು ಮಕ್ಕಳಲ್ಲಿ ಈಗ ಉಳಿದಿರುವುದು ತಾನೊಬ್ಬಳೇ ಎಂದರು. ನಾನು ಅವರ ತಟ್ಟೆಗೆ ಇನ್ನೊಂದು ಸ್ಕೋನ್ ಬನ್ನು ಇಟ್ಟೆ.

ಮುಂದೆ ನಾಲ್ಕು ಡಿಸೆಂಬರ್ ಹಾಗೆಯೇ ಹೋಗಿಬಂದೆವು. ನಾನು ಮದುವೆಯಾಗಿ ಡಬ್ಲಿನ್ ಹತ್ತಿರದ ಲೂಕನ್‌ಗೆ ಬಂದ ಮೇಲೆ ಅಜ್ಜಿ ತೀರಿಕೊಂಡರು. ಈಗ ಪ್ರತಿವರ್ಷ ಎಂಟರಂದು, ಶಾಲೆ ಬಿಟ್ಟ ಮೇಲೆ ಮಗಳನ್ನು ಕರೆದುಕೊಂಡು ಪೇಟೆಗೆ ಹೊರಡುತ್ತೇನೆ. ಎಲ್ಲವೂ ಆನ್‌ಲೈನ್‌ನಲ್ಲಿ ಸಿಗುತ್ತಲ್ಲ ಎಂದು ಅವಳು ಇಂಗ್ಲಿಷಿನಲ್ಲಿ, ಅಪ್ಪಟ ಐರಿಶ್ ರಾಗದಲ್ಲಿ ಗೊಣಗುತ್ತಾಳೆ.

“ಸಿಗುತ್ತೆ ಕಣೇ,” ಅನ್ನುತ್ತೇನೆ. “ಬೇಗ ಶೂ ಹಾಕ್ಕೋ, ಬಸ್ಸು ಬರೋ ಹೊತ್ತಾಯ್ತು.”